ಗಿಡವಾಗಿ ನೆಟ್ಟಗಾಗದ್ದು

"ಗಿಡವಾಗಿ ನೆಟ್ಟಗಾಗದ್ದು ಮರವಾಗಿ ನೆಟ್ಟಗಾದೀತೇ?"

ಗಾದೆ ಹಾಗಲ್ಲ, ಅದು ಬಗ್ಗುವ ಮಾತು ಎಂದು ಓದುವವರು ಹುಬ್ಬೇರಿಸಬಹುದು. ನಿಜವೇ. ಆದರೆ ಈ ಕಥೆಯ ಅಜ್ಜಿ ಹುಟ್ಟಿದಾಗಿನಿಂದ ಯಾರಿಗೂ ಬಗ್ಗಿದವಳಲ್ಲ. ಅವಳ ಬಾಯಿಗೆ ಬಿದ್ದು ಗಾದೆಯೂ ನೆಟ್ಟಗಾಗಿಬಿಟ್ಟಿತ್ತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಇಲ್ಲಿ ಗಾದೆಯೇ ಸುಳ್ಳು, ಕಥೆ ಮಾತ್ರ ನಿಜ. ಕೂದಲೆಳೆಯಷ್ಟೂ ಸೇರಿಸಿಲ್ಲ. ಕಳೆದುಹೋದ ಕೂದಲಿನ ಲೆಕ್ಕವೇ ಸಾಕಷ್ಟಿದೆ.

ಬೀದಿಯ ತಿರುವಿನಲ್ಲಿ ಅಜ್ಜಿಯ ಇಸ್ತ್ರಿ ಅಂಗಡಿ. ಮುಂದೆ ಕೌಂಟರು, ಅದರ ಹಿಂದೆ ಎರಡು ಇಸ್ತ್ರಿ ಮೇಜು, ಇನ್ನೂ ಹಿಂದೆ ಒಗೆಯುವ ಕೋಣೆ, ಮೆಟ್ಟಿಲು ಹತ್ತಿದರೆ ಮನೆ. ಬೆಳಗ್ಗೆ ಬಾಗಿಲು ಎತ್ತಿದರೆ ಬಿಸಿ ಹತ್ತಿ ಬಟ್ಟೆಯ ವಾಸನೆ ಬೀದಿಗೆಲ್ಲ ಹರಡುತ್ತಿತ್ತು. "ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಬೆನ್ನು ಯಾರೂ ನೋಡಲ್ಲ ಅಂತ ಬಿಟ್ಟೀರಾ ಜೋಕೆ, ಜನ ಹಿಂದಿನಿಂದಲೇ ನೋಡೋದು!" ಎಂದು ಅಜ್ಜಿ ಹೆಣ್ಣುಮಕ್ಕಳಿಬ್ಬರಿಗೂ ಪಾಠ ಹೇಳಿದ್ದಳು. ಅವಳು ಇಸ್ತ್ರಿ ಮಾಡಿದ ಅಂಗಿ ತೊಟ್ಟವನು ಕೂರುವುದಕ್ಕೂ ಯೋಚಿಸುತ್ತಿದ್ದ.

ಬಟ್ಟೆಗೆ ಇಸ್ತ್ರಿಯಾದರೆ ಸಾಲದು, ಆ ಮನೆಯಲ್ಲಿ ಸ್ತ್ರೀಯರಿಗೂ ಇಸ್ತ್ರಿ. ಅವರದು ವಂಶಪಾರಂಪರ್ಯದ ಗುಂಗುರು ಕೂದಲು. ಬೆರಳು ಹಾಕಿದರೆ ಬೆರಳನ್ನೇ ಹಿಡಿದುಕೊಳ್ಳುವಂಥ ಸುರುಳಿ. ಹೆಣ್ಣುಮಗುವಿನ ಮೊದಲ ಹಾಲುಹಲ್ಲು ಬಿದ್ದ ವರ್ಷ, ಒಂದು ರಜೆಯ ದಿನ ಅಂಗಡಿ ಬಾಗಿಲು ಎಳೆದು, ಒಗೆಯುವ ಕೋಣೆಯ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಬಿಳೀ ಡಬ್ಬಿಯ ಕ್ರೀಮನ್ನು ಬೇರಿನಿಂದ ತುದಿಯವರೆಗೆ ಬಳಿಯುವುದು ಪದ್ಧತಿ. ಕೂದಲು ಸತ್ತ ಹಾವಿನಂತೆ ನೆಟ್ಟಗೆ ಮಲಗುತ್ತಿತ್ತು. ಬೇರು ಮತ್ತೆ ಸುರುಳಿಯಾಗಿ ಚಿಗುರಿದಾಗಲೆಲ್ಲ ಮತ್ತೆ ಡಬ್ಬಿ. ಉರಿಯುತ್ತದೆ ಎಂದು ಮಗು ಅತ್ತರೆ ಅಜ್ಜಿಯ ಉತ್ತರ ಸಿದ್ಧವಿತ್ತು: "ಉರಿದ್ರೆ ಹಿಡೀತಿದೆ ಅಂತ ಅರ್ಥ. ಇನ್ನೊಂಚೂರು. ಹಿಡೀಲಿ."

ಆ ಬೀದಿಯಲ್ಲಿ ಇದು ಅಜ್ಜಿಯೊಬ್ಬಳ ಹುಚ್ಚಾಗಿರಲಿಲ್ಲ. ಗುಂಗುರು ತಲೆಯ ಪ್ರತಿ ಮನೆಯಲ್ಲೂ ಒಂದು ಬಿಳೀ ಡಬ್ಬಿ ಇತ್ತು. ತಲೆ ನೆಟ್ಟಗಿಲ್ಲ ಅಂದರೆ ಬುದ್ಧಿ ನೆಟ್ಟಗಿಲ್ಲ ಎಂದು ಭಾಷೆಯೇ ಹೇಳುವಾಗ, ಪಾಪ, ತಾಯಂದಿರು ಏನು ಮಾಡಿಯಾರು?

ಹಿರಿಯ ಮಗಳ ಕಥೆ ಹೇಳಬೇಕು. ಮನೆಯವರಿಗೆಲ್ಲ ಅವಳು ಅಕ್ಕ. ಗಿರಾಕಿಗಳಿಗೂ ಅಕ್ಕ. ಸ್ಕಾರ್ಫ್ ಕಟ್ಟದ ಅಕ್ಕನನ್ನು ಯಾರೂ ಕಂಡಿರಲಿಲ್ಲ. ಲಾರಿ ಓಡಿಸುವ ಭಾವ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು, ಅವರೂ ಕಂಡಿರಲಿಲ್ಲ. ಮಳೆ ಬಂದರೆ ಅಕ್ಕ ಒಳಗೆ. ಯಾರಾದರೂ ಅಕ್ಕರೆಯಿಂದ ತಲೆ ಸವರಲು ಕೈ ಎತ್ತಿದರೆ ಅಕ್ಕ ಒಂದು ಹೆಜ್ಜೆ ಹಿಂದೆ. "ಚಿಕ್ಕವಳಿದ್ದಾಗ ಜ್ವರ ಬಂದು ಕೂದಲು ಉದುರಿತು," ಎಂದು ಅಜ್ಜಿ ಹೇಳುತ್ತಿದ್ದಳು. ಅಕ್ಕನೂ ಹಾಗೇ ಹೇಳುತ್ತಿದ್ದಳು. ಮನೆಯಲ್ಲಿ ಜ್ವರ ಎಂಬ ಪದ ಬಂದರೆ ಅವರಿಬ್ಬರೂ ಒಂದು ಕ್ಷಣ ಒಗೆಯುವ ಕೋಣೆಯ ಕಡೆ ನೋಡುತ್ತಿದ್ದರು.

ಕಿರಿಯಳನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು, ಯಾರ ದನಿಯನ್ನಾದರೂ ಕೇಳಿದ ತಕ್ಷಣ ಒಪ್ಪಿಸುತ್ತಿದ್ದಳಾದ್ದರಿಂದ. ಅವಳ ಕೆಲಸ ದೊಡ್ಡ ಬಸ್ ನಿಲ್ದಾಣದ ಧ್ವನಿವರ್ಧಕದ ಕೋಣೆಯಲ್ಲಿ. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಅಂದರೆ ಸಾವಿರ ತಲೆ ತಿರುಗುತ್ತಿತ್ತು, ಅವಳ ತಲೆ ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಒಂದು ದಿನ ಅವಳಿಗೆ ಹೊಳೆಯಿತು: ದನಿಗೆ ಕೂದಲಿಲ್ಲವಲ್ಲ, ಮತ್ತೆ ಈ ಉರಿ ಯಾರಿಗಾಗಿ? ಅವತ್ತಿನಿಂದ ಡಬ್ಬಿ ಮುಟ್ಟಲಿಲ್ಲ.

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬೇರಿನಿಂದ ಹೊಸ ಕೂದಲು ಸುರುಳಿಯಾಗಿ ಬಂತು, ತುದಿಯಲ್ಲಿ ಹಳೆಯದು ಹುಲ್ಲಿನಂತೆ ನೇತಾಡಿತು. ಎರಡೂ ಸೇರುವ ಜಾಗ ಎಷ್ಟು ಬಡವಾಗಿತ್ತೆಂದರೆ ಬಾಚಣಿಗೆ ತಾಗಿದರೆ ಅಲ್ಲೇ ತುಂಡು. ಬಚ್ಚಲ ಜಾಲರಿ ದಿನವೂ ಕಟ್ಟಿಕೊಳ್ಳುತ್ತಿತ್ತು.

"ಮೇಲೆ ಹಕ್ಕಿಗೂಡು, ಕೆಳಗೆ ಪೊರಕೆ. ಇದೇನೇ ವೇಷ?" ಎಂದಳು ಅಜ್ಜಿ.

"ಗಿಳಿ ಅಂದ್ಮೇಲೆ ಗೂಡು ಬೇಡ್ವೇನಮ್ಮ? ಪೊರಕೆ ನಿಂಗೆ ಕೊಡ್ತೀನಿ, ಅಂಗಡಿ ಗುಡಿಸು."

"ನಾಲಿಗೆ ಒಂದು ನೆಟ್ಟಗಿದೆ ನಿಂಗೆ!"

ಆದರೆ ಕನ್ನಡಿಯ ಮುಂದೆ ಒಬ್ಬಳೇ ನಿಂತಾಗ ಗಿಳಿಗೆ ಹಾಸ್ಯ ಬರುತ್ತಿರಲಿಲ್ಲ. ಕೊನೆಗೊಂದು ಸಂಜೆ ಅಂಗಡಿಯ ದಾರ ಕತ್ತರಿಸುವ ಕತ್ತರಿ ತಂದು ಅಕ್ಕನ ಕೈಗಿಟ್ಟಳು. "ತುದಿ ಪೂರ್ತಿ ತೆಗೆದುಬಿಡು. ನಂದಲ್ಲದ್ದು ನಂಗೆ ಬೇಡ."

ಅಕ್ಕ ಬಟ್ಟೆಯ ಅಂಚು ಕತ್ತರಿಸುವ ಹಾಗೆ ಎಚ್ಚರಿಕೆಯಿಂದ ಕತ್ತರಿಸಿದಳು. ನೆಟ್ಟಗಿನ ಕೂದಲು ನೆಲಕ್ಕೆ ಬಿತ್ತು. ಉಳಿದದ್ದು ಕಿವಿಯ ಮೇಲಕ್ಕೆ ಸುತ್ತಿಕೊಂಡಿತು. ಅಕ್ಕ ಒಂದು ಸುರುಳಿಯೊಳಗೆ ಬೆರಳಿಟ್ಟು ನೋಡಿದಳು. ಆಮೇಲೆ ಕೇಳಿದಳು: "ನಂದೂ ಹೀಗೇ ಇತ್ತೇನೇ?"

ಗಿಳಿಗೆ ಗೊತ್ತಿರಲಿಲ್ಲ. ಅಕ್ಕನ ಜ್ವರದ ಕಾಲಕ್ಕೆ ಅವಳಿನ್ನೂ ತೊಟ್ಟಿಲಲ್ಲಿದ್ದಳು. ಆ ಮನೆಯಲ್ಲಿ ನೆಟ್ಟಗಾಗುವ ಮುಂಚೆ ಯಾರ ಫೋಟೋವನ್ನೂ ತೆಗೆಸುತ್ತಿರಲಿಲ್ಲ. ಗಿಳಿ ಅಕ್ಕನ ಮಣಿಕಟ್ಟು ಹಿಡಿದುಕೊಂಡಳು.

ಇಷ್ಟರಲ್ಲಿ ಅಕ್ಕನ ಮಗಳ ಹಲ್ಲು ಬಿತ್ತು.

ಮಗುವಿನ ಅಡ್ಡಹೆಸರು ಗುಂಡಿ. ನಡೆಯಲು ಬಂದಾಗಿನಿಂದ ಉದುರಿದ ಅಂಗಿಗುಂಡಿಗಳ ಡಬ್ಬದ ಪಕ್ಕವೇ ಆಡಿ ಬೆಳೆದವಳು. ಬಿದ್ದ ಹಲ್ಲನ್ನೂ ಅದೇ ಡಬ್ಬಕ್ಕೆ ಹಾಕಿ, "ನೋಡಿ, ಎರಡು ತೂತಿಲ್ಲದ ಗುಂಡಿ!" ಎಂದು ಎಲ್ಲರಿಗೂ ತೋರಿಸಿದಳು. ಎಲ್ಲರೂ ನಕ್ಕರು. ಅಜ್ಜಿ ಮಾತ್ರ ಅವಳ ತಲೆ ನೋಡಿ, "ಬರೋ ರಜೆಗೆ ನೆಟ್ಟಗೆ ಮಾಡಿಬಿಡೋಣ," ಎಂದಳು.

ಅಕ್ಕನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಅರೆಗಳಿಗೆ ನಿಂತಿತು. ಬಟ್ಟೆ ಹಳದಿಯಾಯಿತು. ಗಿಳಿ ಮಾತು ತೆಗೆದಳು.

"ಅಮ್ಮ, ಉಣ್ಣೆ ಬಂದ್ರೆ ನೀನು ಏನ್ ಮಾಡ್ತೀಯ?"

"ಕಡಿಮೆ ಬಿಸಿ, ಮೇಲೊಂದು ಒದ್ದೆ ಬಟ್ಟೆ. ನೇರ ಇಟ್ರೆ ಸುಟ್ಟುಹೋಗುತ್ತೆ. ಯಾಕೆ?"

"ಉಣ್ಣೆಗಿರೋ ಮರ್ಯಾದೆ ಮಗೂಗೆ ಬೇಡ್ವಾ? ಒಂದೊಂದು ಬಟ್ಟೆಗೆ ಒಂದೊಂದು ಬಿಸಿ ಅಂತ ನೀನೇ ಹೇಳಿಕೊಟ್ಟಿದ್ದು. ತಲೆಗಳಿಗೆಲ್ಲ ಮಾತ್ರ ಒಂದೇ ಡಬ್ಬಿ."

"ತತ್ವ ಹೇಳ್ಬೇಡ. ನಿಂಗೇನು, ಡಬ್ಬಾದೊಳಗೆ ಕೂತು ಮಾತಾಡ್ತೀಯ, ಯಾರು ನೋಡ್ತಾರೆ? ನಾನು ನಿನ್ನ ವಯಸ್ಸಲ್ಲಿ ಕೆಲಸ ಕೇಳ್ಕೊಂಡು ಬಾಗಿಲು ಬಾಗಿಲು ಅಲೆದೆ. ಕೈ ನೋಡ್ಲಿಲ್ಲ ಕಣೆ, ತಲೆ ನೋಡಿದ್ರು. 'ಬಾಚ್ಕೊಂಡು ಬಾಮ್ಮ' ಅಂದ್ರು. ಬಾಚ್ಕೊಂಡೇ ಹೋಗಿದ್ದೆ!" ಅಜ್ಜಿ ಗುಂಡಿಯ ಕಡೆ ತಿರುಗಿದಳು. "ನಾಳೆ ಸ್ಕೂಲಲ್ಲಿ ಇವಳನ್ನ ಕೊಳಕಿ ಅಂದ್ರೆ? ಗಿಡವಾಗಿ ನೆಟ್ಟಗಾಗದ್ದು..."

"...ಮರವಾಗಿ ನೆಟ್ಟಗಾದೀತೇ," ಎಂದು ಗಿಳಿ ಅಜ್ಜಿಯ ದನಿಯಲ್ಲೇ ಮುಗಿಸಿದಳು. "ಕೊಳಕಿ ಅಂದವರ ಬಾಯಿಗೆ ಕ್ರೀಮ್ ಹಚ್ಚಮ್ಮ. ಮಗು ತಲೆಗ್ಯಾಕೆ?"

ಆಮೇಲೆ ಗಿಳಿ ಮೆಟ್ಟಿಲ ಕೆಳಗೆ ಅಕ್ಕನನ್ನು ಹಿಡಿದು ನಿಲ್ಲಿಸಿದಳು. "ನೀನು ತಾಯಿ. ನೀನು ಬೇಡ ಅನ್ನು, ಸಾಕು."

ಅಕ್ಕ ಸ್ಕಾರ್ಫಿನ ಗಂಟನ್ನು ಮುಟ್ಟಿ ನೋಡಿಕೊಂಡಳು. "ಅಮ್ಮ ಈಗ ಜಾಗ್ರತೆಯಾಗೇ ಮಾಡ್ತಾಳೆ ಕಣೆ. ಹೊರಗೆ ಹೋಗಿ ಮಾತು ಕೇಳೋಳು ಮಗು ಅಲ್ವಾ?"

ಮಾತಿನಿಂದ ಆಗದ್ದನ್ನು ಮಸಲತ್ತಿನಿಂದ ಮಾಡಬೇಕೆಂದು ಗಿಳಿ ನಿರ್ಧರಿಸಿದ್ದು ಆಗ. ಎಷ್ಟೋ ವರ್ಷ ಆ ಕ್ರೀಮಿನ ಘಾಟು ಕುಡಿದೂ ಕುಡಿದೂ ಅಜ್ಜಿಯ ಮೂಗು ಸತ್ತುಹೋಗಿತ್ತು. ಹಾಲು ಹೊತ್ತಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಕೈಗೆ ರಬ್ಬರಿನ ಗವಸು, ಒಗೆಯುವ ಕೋಣೆಯಲ್ಲಿ ಮಂದ ಬೆಳಕು. ಗಿಳಿ ಡಬ್ಬಿಯನ್ನು ಚರಂಡಿಗೆ ಬರಿದು ಮಾಡಿ ("ಇನ್ನು ಚರಂಡಿಯಾದರೂ ನೆಟ್ಟಗೆ ಹರಿಯಲಿ"), ಚೆನ್ನಾಗಿ ತೊಳೆದು, ಕಾಲರುಗಳಿಗೆ ಹಾಕುವ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ ಆರಿಸಿ ತುಂಬಿಟ್ಟಳು. ಗುಂಡಿಗೆ ಗುಟ್ಟು ಹೇಳಿದಳು: "ಸ್ವಲ್ಪವೂ ಉರಿಯಲ್ಲ. ಆದ್ರೆ ಉರೀತಿದೆ ಅಂತ ಅಳಬೇಕು, ಇಲ್ಲಾಂದ್ರೆ ಅಜ್ಜಿಗೆ ಅನುಮಾನ ಬರುತ್ತೆ. ಹಾಗೆ ಅಳೋಕೆ ಬರುತ್ತಾ?"

"ಚಿಕ್ಕಮ್ಮ, ನಾನು ಯಾರ ಶಿಷ್ಯೆ?" ಎಂದಳು ಗುಂಡಿ, ಹಲ್ಲಿಲ್ಲದ ಸಂದಿಯಿಂದ.

ಅಕ್ಕನಿಗೆ ಹೇಳಲಿಲ್ಲ. ಅಕ್ಕನ ಮುಖದಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಒಂದೇ ಒಂದು ಗುಟ್ಟು ಅಲ್ಲಿ ಇಷ್ಟು ವರ್ಷ ನಿಂತಿದೆ ಎಂಬುದು ಗಿಳಿಗೆ ಹೊಳೆಯಲಿಲ್ಲ.

ರಜೆಯ ದಿನ ಬಂತು. ಅಂಗಡಿಯ ಬಾಗಿಲು ಎಳೆದಾಯಿತು. ಅಕ್ಕ ಮುಂದಿನ ಮೇಜಿನಲ್ಲಿ ಇಸ್ತ್ರಿಗೆ ನಿಂತಳು. ಹಿಂದೆ ಸ್ಟೂಲಿನ ಮೇಲೆ ಗುಂಡಿ. ಗಿಳಿ ಬಾಗಿಲಲ್ಲಿ ಟವೆಲ್ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಅಜ್ಜಿ ಕೂದಲನ್ನು ಪಾಲು ಮಾಡಿ ಬೇರಿನಿಂದ ಬಳಿಯುತ್ತ ಬಂದಳು, ಕಾಲರಿಗೆ ಗಂಜಿ ಹಾಕುವಷ್ಟೇ ಅಚ್ಚುಕಟ್ಟಾಗಿ.

"ಅಜ್ಜೀ, ಉರೀತಿದೆ!" ಎಂದಳು ಗುಂಡಿ.

"ಹಿಡೀತಿದೆ ಕಂದಾ."

"ಉರೀತಿದೆ ಅಜ್ಜೀ, ತೊಳಿ! ತೊಳಿ ಅಜ್ಜೀ!" ಶಿಷ್ಯೆ ಗುರುವನ್ನು ಮೀರಿಸಿದ್ದಳು. ಕಣ್ಣಲ್ಲಿ ನೀರು ಕೂಡ ತಂದುಕೊಂಡಿದ್ದಳು.

"ಇನ್ನೊಂಚೂರು. ಹಿಡೀಲಿ."

ಮುಂದಿನ ಮೇಜಿನ ಕಡೆಯಿಂದ ಏನೋ ಬಿದ್ದ ಸದ್ದಾಯಿತು. ಗಿಳಿ ತಿರುಗುವಷ್ಟರಲ್ಲಿ ಅಕ್ಕ ಅವಳನ್ನು ತಳ್ಳಿಕೊಂಡು ಒಳಗೆ ನುಗ್ಗಿದ್ದಳು. ಬಟ್ಟೆ ಜಾಲಿಸಲು ತುಂಬಿಟ್ಟ ಬಕೆಟ್ಟನ್ನೆತ್ತಿ ಮಗುವಿನ ತಲೆಯ ಮೇಲೆ ಸುರಿದಳು, ಇನ್ನೊಂದನ್ನೂ ಸುರಿದಳು. ಮಗುವನ್ನು ಎದೆಗೆ ಒತ್ತಿಕೊಂಡು ಎರಡೂ ಕೈಯಿಂದ ತಲೆ ಉಜ್ಜತೊಡಗಿದಳು.

"ಏನೇ ಇದು! ಹಿಡಿಯೋ ಹೊತ್ತಲ್ಲಿ..."

"ಮುಟ್ಬೇಡ ನನ್ ಮಗೂನ!"

ಆ ಮನೆಯಲ್ಲಿ ಅಕ್ಕನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಗೋಡೆಗಳೂ ಕೇಳಿರಲಿಲ್ಲ. "ನಂಗೂ ನೀನು ಹೀಗೇ ಹಿಡೀಲಿ ಅಂದೆ. ತೊಳಿ ತೊಳಿ ಅಂತ ನಾನು ಕಿರುಚ್ತಿದ್ದೆ. ಯಾರೋ ಗಿರಾಕಿ ಬಾಗಿಲು ತಟ್ಟಿದ್ರು. ಬಂದೆ ಇರು ಅಂತ ನೀನು ಹೋದೆ. ಬಟ್ಟೆ ಕೊಟ್ಟು, ಮಾತಾಡಿ, ಚಿಲ್ಲರೆ ಹುಡುಕಿ ಬಂದೆ. ಅವತ್ತು ಹಿಡಿದಿದ್ದು ಇನ್ನೂ ಬಿಟ್ಟಿಲ್ಲ ಅಮ್ಮ!"

ಸ್ಕಾರ್ಫಿನ ಗಂಟು ಒದ್ದೆಯಾಗಿ ಬಿಗಿದಿತ್ತು. ಅಕ್ಕ ಅದನ್ನು ಬಿಚ್ಚಲಿಲ್ಲ, ಎಳೆದು ಕಿತ್ತಳು. ನಡುನೆತ್ತಿಯ ಮೇಲೆ ಅಂಗೈಯಗಲದ ಜಾಗ. ಇಸ್ತ್ರಿಪೆಟ್ಟಿಗೆ ಮರೆತಿಟ್ಟ ಕಡೆ ಬಟ್ಟೆ ಹೊಳೆಯುವ ಹಾಗೆ ಹೊಳೆಯುತ್ತಿತ್ತು. ಒಂದು ಕೂದಲೂ ಇರಲಿಲ್ಲ.

"ನೋಡು. ಜ್ವರ ಹೀಗೆ ಸುಡುತ್ತಾ?"

"ಜ್ವರ ಬಂದಿತ್ತು ಕಣೆ..." ಎಂದಳು ಅಜ್ಜಿ.

"ಬಂದಿತ್ತು. ಗಾಯ ಕೀವಾದ ಮೇಲೆ ಬಂತು."

ಅಕ್ಕನ ಎದೆಯಿಂದ ಒಂದು ಪುಟ್ಟ ಮುಖ ಮೇಲೆದ್ದಿತು.

"ಅಮ್ಮಾ... ಉರೀತಿಲ್ಲ. ಚಿಕ್ಕಮ್ಮ ಹೇಳಿಕೊಟ್ಟಿದ್ದು. ಇದು ಗಂಜಿ."

ಅಕ್ಕ ತನ್ನ ಬೆರಳನ್ನು ಮೂಗಿಗೆ ಹಿಡಿದಳು. ಹುಟ್ಟಿದಾಗಿನಿಂದ ಬಲ್ಲ ಗಂಜಿಯ ವಾಸನೆ. ಮಗುವಿನ ತಲೆ ನೋಡಿದಳು. ನೀರು ಇಳಿದಂತೆ ಒಂದೊಂದೇ ಸುರುಳಿ ನಿದ್ದೆಯಿಂದೆದ್ದ ಹಾಗೆ ಮೇಲೇಳುತ್ತಿತ್ತು. ಒಂದನ್ನು ಹಿಡಿದು ಉದ್ದಕ್ಕೆ ಎಳೆದು ಬಿಟ್ಟಳು. ಅದು ಚಟ್ಟನೆ ಸ್ವಸ್ಥಾನಕ್ಕೆ ಹೋಗಿ ಕೂತಿತು.

"ನಂದೂ ಹೀಗೇ ಇತ್ತಾ ಅಮ್ಮ?"

ಅಜ್ಜಿ ಗವಸಿನಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. "ಇದಕ್ಕಿಂತ ದಟ್ಟ," ಎಂದಳು. "ಬಾಚಣಿಗೆ ಮುರೀತಿತ್ತು." ಬರಿಗೈ ಅಕ್ಕನ ನೆತ್ತಿಯ ಕಡೆಗೆ ಹೊರಟು ಅರ್ಧದಲ್ಲಿ ನಿಂತಿತು. ಅಕ್ಕ ಹಿಂದೆ ಸರಿಯಲಿಲ್ಲ. ಹೊಳೆಯುವ ಆ ಜಾಗದ ಮೇಲೆ ಒಂದು ಮುದಿ ಅಂಗೈ ಬಂದು ಇಳಿಯಿತು. ಅಳತೆ ತೆಗೆದ ಹಾಗೆ ಸರಿಯಾಗಿ ಕೂತಿತು.

ಆಗ ಅಕ್ಕನ ಹೊಟ್ಟೆಯೊಳಗಿಂದ ಏನೋ ಹೊರಟಿತು. ಅಳು ಎಂದುಕೊಂಡು ಗಿಳಿ ಓಡಿ ಬಂದಳು.

"ಗಂಜಿ ಹಾಕಿದ್ರೂ ನೆಟ್ಟಗಾಗ್ಲಿಲ್ಲವಲ್ಲೇ ಇದು!" ಎಂದು ಅಕ್ಕ ನಕ್ಕಳು. ಗುಂಡಿ ನಕ್ಕಳು. ಗಿಳಿ ಅಳುತ್ತಲೇ ನಕ್ಕಳು. ಮೋಸ ಹೋಗುವವಳು ಅಜ್ಜಿ ಎಂದು ಗಿಳಿ ಲೆಕ್ಕ ಹಾಕಿದ್ದಳು. ಮೋಸ ಹೋದವಳು ಅಕ್ಕ. ಇವತ್ತು ಗಂಜಿಗೆ, ಅವತ್ತು ಗಾದೆಗೆ.

ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ತಟ್ಟಿದರು. "ಯಾರಿದ್ದೀರಿ? ಅಂಗಿ ತಗೊಂಡು ಹೋಗ್ಬೇಕಿತ್ತು!"

ಎಲ್ಲರೂ ಅಜ್ಜಿಯನ್ನು ನೋಡಿದರು. ಅವಳ ಕೈ ಅಕ್ಕನ ತಲೆಯ ಮೇಲಿಂದ ಕದಲಲಿಲ್ಲ.

"ಕಾಯ್ಲಿ," ಎಂದಳು.

ಗಿರಾಕಿ ಮತ್ತೆ ತಟ್ಟಿದ. ಒಳಗಿನಿಂದ ಅವನಿಗೆ ಕೇಳಿಸಿದ್ದು ನಗು ಮಾತ್ರ. ಅಕ್ಕ ಬರಿತಲೆಯಲ್ಲಿ, ಒದ್ದೆ ನೆಲದ ಮೇಲೆ ಕೂತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.