ಲಾಯರ್ ಬಂಗಲೆಯ ಕೆಸರು

“ಏಯ್ ಮುಂಡೇರಾ, ಸೋಫಾ ಎತ್ರೀ ಅಂದ್ರೆ ಮೂಸ್ತಾ ನಿಂತಿದ್ದೀರಲ್ಲ, ನಿಮ್ಮಪ್ಪನ ಹೆಣಾನಾ ಅದು?”

ಮೇಸ್ತ್ರಿ ಕ್ವಾರ್ಶಿ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ಉತ್ತರದ ಒಣಗಾಳಿ ಆಗಷ್ಟೇ ಶುರುವಾಗಿತ್ತು. ತುಟಿ ಒಡೆಯುವ ಕಾಲ. ವೋಲ್ಟಾ ನದಿ ತನ್ನ ಪಾತ್ರಕ್ಕೆ ಮರಳಿತ್ತು. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದಾಗ ನುಗ್ಗಿದ ನೀರಿಗೆ ನಮ್ಮ ಮಣ್ಣಿನ ಗೋಡೆಗಳು ಬೆಲ್ಲದ ಹಾಗೆ ಕರಗಿಹೋಗಿದ್ದವು. ಲಾಯರ್ ಬಾಂಪೋ ಅವರ ಬಂಗಲೆ ಮಾತ್ರ ನಿಂತಿತ್ತು. ನೀರು ಕೆಳಮನೆಯನ್ನೆಲ್ಲ ತುಂಬಿ, ಮಹಡಿಯ ಅರ್ಧ ಮೆಟ್ಟಿಲು ಹತ್ತಿ, ಸಾಕಾಗಿ, ಕೆಸರು ಬಿಟ್ಟು ಇಳಿದುಹೋಗಿತ್ತು. ಬಂಗಲೆ ಇರುವುದು ನಡುಗಡ್ಡೆಯಲ್ಲಿ. ದೋಣಿ ಬಿಟ್ಟರೆ ದಾರಿಯಿಲ್ಲ, ದೋಣಿ ಇರುವುದು ನಮ್ಮ ಹತ್ತಿರ. ಅದಕ್ಕೇ ನಮ್ಮನ್ನು ಕರೆದಿದ್ದರು.

ನೀರು ಕುಡಿದು ಬಸುರಿ ಎಮ್ಮೆಯಾಗಿದ್ದ ಸೋಫಾವನ್ನು ದೋಣಿಗೆ ಹಾಕಿ ಬಂದು ಕೆಸರಿಗೆ ಕೈಹಾಕಿದೆವು. ನನ್ನ ಓರಗಿತ್ತಿ ಮಾಕು ಬಾಂಡ್ಲಿ ತುಂಬುತ್ತಾ ಮೂಗು ಅರಳಿಸಿದಳು.

“ಬರೀ ಕೆಸ್ರಲ್ಲ ಕಣಮ್ಮಿ ಇದು. ಕಕ್ಕಸು ಗುಂಡಿ ಒಡ್ದದೆ. ಮನೆಯೋರ್ದೇ ಹೇಲು.”

“ಎಂಗೆ ಗೊತ್ತಾಯ್ತಕ್ಕ?”

“ಎಷ್ಟ್ ಉಜ್ಜುದ್ರೂ ಕೈ ಬುಡ್ದೆ ವಾದ ಮಾಡ್ತದಲ್ಲ, ಲಾಯರ್ದೇಯ.”

ಅಷ್ಟರಲ್ಲಿ ಲಾಯರೇ ಬಂದರು. ಬೂಟಿಗೆ ಕೆಸರಾಗಬಾರದೆಂದು ದೋಣಿ ನಡೆಸುವ ನಮ್ಮ ದುಗ್ಬಾಟೆ ಅವರನ್ನು ದೋಣಿಯಿಂದ ಬೆನ್ನ ಮೇಲೆ ಹೊತ್ತು ತಂದು ಮೆಟ್ಟಿಲ ಮೇಲೆ ಇಳಿಸಿದ. ದಾರಿಯುದ್ದಕ್ಕೂ ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದರು.

“ಸ್ನಾನ ಗೀನ ಮಾಡೋದಿಲ್ವೇನಯ್ಯಾ ನೀನು?”

“ಬೆಳಗಿಂದ ನಿಮ್ ಗುಂಡೀಲೇ ಇವ್ನಿ, ಬುದ್ಧಿ. ನಂದೇನೂ ಇಲ್ಲ ಇದ್ರಲ್ಲಿ.”

ನಾವು ನಗು ನುಂಗಿಕೊಂಡು ಬಾಂಡ್ಲಿಯೊಳಗೆ ಮುಖ ಹಾಕಿದೆವು. ಲಾಯರು ಮಹಡಿಗೆ ಹೋದರು. ಹಿಂದೆಯೇ ಕರಿದ ಕೋಳಿಯ ಬುಟ್ಟಿ ಹೋಯಿತು. ನಾವು ಗೋಡೆಯ ನೆರಳಲ್ಲಿ ಕೂತು ಮೆಣಸಿನ ಖಾರ ನೆಂಚಿಕೊಂಡು ಬಾಂಕು ಮುದ್ದೆ ತಿಂದೆವು. ಮೇಲಿನ ನಲ್ಲಿಯಲ್ಲಿ ಒಂದು ಬಿಂದಿಗೆ ಕುಡಿಯುವ ನೀರು ಹಿಡಿಯಲು ನಾನು ಎದ್ದರೆ ಕ್ವಾರ್ಶಿ ಕೈ ಅಡ್ಡ ಹಿಡಿದ.

“ಮೇಲೆ ಬಿಳೀ ಜಮಖಾನ ಹಾಸಿದೆ. ಕಾಲಿಟ್ರೆ ಕಾಲು ಮುರೀತೀನಿ. ನದೀನೇ ಅರ್ಧಕ್ಕೆ ನಿಂತು ವಾಪಸ್ ಹೋಗಿದೆ, ನೀನು ಯಾವೋಳು?”

ಇಲ್ಲಿ ಹೆಂಗಸರ ಹೊಲ ಇರುವುದು ನದಿಯ ತಳದಲ್ಲಿ. ಮರಿ ಚಿಪ್ಪಿಗಳನ್ನು ಹೆಕ್ಕಿ ತಂದು, ನೀರಿಗಿಳಿದು, ತನ್ನ ಪಾಲಿನ ತಳದಲ್ಲಿ ಬಿತ್ತಿ, ಸುತ್ತ ಬಿದಿರಕಡ್ಡಿ ನೆಟ್ಟು, ಅವು ಮಾರುವಷ್ಟು ದಪ್ಪವಾಗುವವರೆಗೆ ಕಾಯಬೇಕು. ಒಬ್ಬಳ ಬಿದಿರಿನೊಳಗೆ ಇನ್ನೊಬ್ಬಳು ಮುಳುಗುವುದಿಲ್ಲ. ಮುಳುಗಿದರೆ ಅವಳ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ. ಪ್ರವಾಹ ಎಲ್ಲರ ಹೊಲವನ್ನೂ ಗುಡಿಸಿಕೊಂಡು ಹೋಗಿತ್ತು. ನನ್ನದರಲ್ಲಿ ಮರಳು ಬಿಟ್ಟರೆ ಏನಿಲ್ಲ. ಬಂಗಲೆಯ ಗೋಡೆ ಸೆಳೆತಕ್ಕೆ ಅಡ್ಡ ನಿಂತದ್ದರಿಂದ ಅದರ ಮಗ್ಗುಲಿಗಿದ್ದ ಮಾಕುವಿನ ಹೊಲ ಮಾತ್ರ ಉಳಿದಿತ್ತು. ಮುಳುಗಿ, ಕಾಲಬೆರಳಲ್ಲಿ ತಡವಿ, ಮೇಲೆ ಬಂದು ಅವಳು ನೀರಲ್ಲೇ ಕುಣಿದದ್ದನ್ನು ನಾನು ಕಂಡಿದ್ದೇನೆ. ಮಕ್ಕಳನ್ನು ಕಟ್ಟಿಕೊಂಡು ಶಾಲೆಯ ಜಗಲಿಯಲ್ಲಿ ಮಲಗುವವಳು. ಅವಳ ಹೊಸ ಗೋಡೆ ಆ ಚಿಪ್ಪಿ ಮಾರಿದ ದುಡ್ಡಿನಿಂದಲೇ ಏಳಬೇಕಿತ್ತು. ಬಿತ್ತಲು ನನಗೂ ಮರಿಗಳಲ್ಲಿ ಅರ್ಧ ಕೊಡುತ್ತೇನೆಂದಿದ್ದಳು.

ಊಟವಾದ ಮೇಲೆ ಕ್ವಾರ್ಶಿ ಮಾತು ಬದಲಿಸಿದ.

“ಕೆಸರನ್ನ ಆ ದಡಕ್ಕೆ ಸಾಗಿಸೋದು ಬೇಡ, ಹೊತ್ತು ಹೋಗುತ್ತೆ. ಇಲ್ಲೇ ಗೋಡೆ ಪಕ್ಕ ನೀರಿಗೆ ಸುರೀರಿ.”

“ಅಲ್ಲಿ ನನ್ ಹೊಲ ಅದೆ,” ಅಂದಳು ಮಾಕು.

“ನೀರೊಳಗೆ ಹೊಲ! ಎತ್ತು ಎಲ್ಲಮ್ಮಾ, ಮೊಸಳೇನಾ?”

ಲಾಯರು ಮಹಡಿಯ ಕಟಕಟೆಗೆ ಬಂದು, ಕೋಳಿಯ ಕಾಲು ಹಿಡಿದುಕೊಂಡೇ ಬಾಗಿದರು. “ನದಿ ಸರ್ಕಾರದ್ದು ಕಣಮ್ಮ. ಅದರ ತಳ ಯಾರ ಅಪ್ಪನ ಆಸ್ತಿಯೂ ಅಲ್ಲ.”

“ನಿಮ್ ಗೋಡೆ ಅಡೀಲಿ ಇರೋದೂ ಅದೇ ನದಿ ಅಲ್ವಾ ಬುದ್ಧಿ? ನಾನು ಮದ್ವೆಯಾಗಿ ಬಂದಾಗ ಈ ನಿಮ್ ಜಗ್ಲಿ ಇರೋ ತಾವೇ ಮುಳುಗಿ ಚಿಪ್ಪಿ ತೆಗೀತಿದ್ದೆ. ಮಣ್ಣು ಸುರ್ಕಂಡು ಕಟ್ಕಂಡ್ರಿ. ಆಗ ಯಾರ್ ಅಪ್ಪುಂದಾಗಿತ್ತು?”

ಲಾಯರಿಗೆ ಕೆಮ್ಮು ಬಂತು. “ಕ್ವಾರ್ಶಿ, ಹಬ್ಬಕ್ಕೆ ನೆಂಟರು ಬರ್ತಾರೆ,” ಎಂದಷ್ಟೇ ಹೇಳಿ ಒಳಗೆ ಹೋದರು.

ಕ್ವಾರ್ಶಿ ನನ್ನ ಕೈಯಿಂದ ಬಾಂಡ್ಲಿ ಕಿತ್ತುಕೊಂಡು ತಾನೇ ಗೋಡೆಯಾಚೆ ಸುರಿದ. ಜನರೇಟರು ಮುಳುಗಿದ್ದ ಕೋಣೆಯ ಕೆಸರು ಅದು. ನೀರಿನ ಮೇಲೆ ಡೀಸೆಲ್ಲಿನ ಬಣ್ಣ ಬಿದಿರಕಡ್ಡಿಗಳವರೆಗೂ ಹರಡಿತು.

“ನೋಡಿದ್ಯಾ? ಚಿಪ್ಪಿ ಏನು ಸತ್ತೋಯ್ತಾ? ಅವೂ ಕೆಸರು ತಿನ್ನೋವೇ, ನಿಮ್ಮ ಹಾಗೆ.”

ಮಾಕು ಅವನನ್ನು ಬೈಯುತ್ತಾಳೆಂದು ಕಾದೆವು. ಬೈಗುಳದಲ್ಲಿ ಅವಳನ್ನು ಮೀರಿಸುವವರು ಈ ದಡದಲ್ಲೂ ಇಲ್ಲ, ಆ ದಡದಲ್ಲೂ ಇಲ್ಲ. ಆದರೆ ಅವಳು ಕಕ್ಕಸು ಗುಂಡಿಯ ಪಕ್ಕಕ್ಕೆ ಹೋಗಿ, ಬಾಂಡ್ಲಿಯನ್ನು ಗೋಪುರದ ಹಾಗೆ ತುಂಬಿ, ಸಿಂಬೆ ಸರಿಮಾಡಿಕೊಂಡು ತಲೆಗೇರಿಸಿದಳು. ಬಾಗಿಲ ಕಡೆಗೆ ಹೋಗದೆ ಮಹಡಿಯ ಮೆಟ್ಟಿಲು ಹತ್ತತೊಡಗಿದಳು.

“ಏಯ್! ಎಲ್ಲಿಗೇ?”

“ದೂರ ಬ್ಯಾಡ ಅಂದ್ಯಲ್ಲಪ್ಪ. ಇಲ್ಲೇ ಮೇಗಡೆ.”

ಅಡ್ಡ ಬಂದ ಕ್ವಾರ್ಶಿಯ ಹೊಸ ಅಂಗಿಯ ಮೇಲೆ ಬಾಂಡ್ಲಿಯಿಂದ ಒಂದು ಮುದ್ದೆ ಪಚಕ್ಕನೆ ಬಿತ್ತು. ಅವನು ವಾಕರಿಸುತ್ತಾ ಗೋಡೆಗೆ ಒರಗಿದ. ಮಾಕುವಿನ ಹಿಂದೆ ನಾನು, ನನ್ನ ಹಿಂದೆ ಉಳಿದ ಹೆಂಗಸರು, ಕೊನೆಗೆ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದ ದುಗ್ಬಾಟೆ. ನದಿ ಸಾಕೆಂದು ನಿಂತಿದ್ದ ಮೆಟ್ಟಿಲನ್ನು ದಾಟಿ ಹತ್ತಿದೆವು. ಬಿಳಿಯ ಮಂಚ, ಬಿಳಿಯ ಪರದೆ, ಬಿಳಿಯ ಜಮಖಾನ. ಮಂಚದ ತುದಿಯಲ್ಲಿ ಎಲುಬು ಚೀಪುತ್ತಾ ಕೂತಿದ್ದ ಲಾಯರು ಒಮ್ಮೆಲೇ ಎದ್ದರು.

“ಪೊಲೀಸರನ್ನ ಕರೀತೀನಿ!”

“ಕರೀರಿ ಬುದ್ಧಿ. ಅವ್ರುನ್ನೂ ನಾವೇ ದೋಣೀಲಿ ತರ್ಬೇಕು,” ಎಂದು ಮಾಕು ಮೊದಲ ಬಾಂಡ್ಲಿಯನ್ನು ದಿಂಬಿನ ಮೇಲೆ ಕವುಚಿದಳು.

ಹೊತ್ತು ಮುಳುಗುವುದರೊಳಗೆ ನಾವು ಒಪ್ಪಿಕೊಂಡಿದ್ದ ಹಾಗೆ ಕೆಳಮನೆ ಖಾಲಿಯಾಯಿತು. ಎರಡೆರಡು ಸಲ ನೀರು ಹಾಕಿ ಉಜ್ಜಿ ತೊಳೆದೆವು. ನೆಲದಲ್ಲಿ ಮುಖ ಕಾಣುತ್ತಿತ್ತು. ಕೂಲಿ ಮಾತ್ರ ಇನ್ನೂ ಬಂದಿಲ್ಲ.