ಕೆಳಗಿನ ಕೋಣೆ

"ಮುಟ್ಟಬೇಡಿ, ಇನ್ನೂ ಒಣಗಿಲ್ಲ," ಎಂದಳು ಹೆಂಡತಿ.

ಅವನು ಆಗಲೇ ಗೋಡೆ ಮುಟ್ಟಿದ್ದ. ಬೆರಳ ತುದಿಗೆ ತಿಳಿಹಳದಿ ಬಣ್ಣ ಅಂಟಿತು. ಆ ಬಣ್ಣದಡಿಯಲ್ಲಿ, ಸೊಂಟದೆತ್ತರಕ್ಕೆ, ಕಳೆದ ವರ್ಷದ ನೀರು ಎಳೆದು ಹೋದ ಕಂದು ಗೆರೆಯೊಂದು ಇತ್ತು. ಈಗ ಇರಲಿಲ್ಲ. ಅಂದರೆ ಇತ್ತು, ಕಾಣುತ್ತಿರಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವ ಅವನು ಇವೆರಡರ ವ್ಯತ್ಯಾಸದ ಮೇಲೆ ಒಂದು ಪೂರಾ ಪಾಠ ಮಾಡಬಲ್ಲ.

ಹೆಂಡತಿ ಹಲ್ಲಿನ ಡಾಕ್ಟರು. ಗೋಡೆಯ ಬಿರುಕುಗಳನ್ನು ತಾನೇ ಕೆರೆದು, ಪುಟ್ಟಿ ತುಂಬಿ, ಉಜ್ಜಿ ನುಣುಪು ಮಾಡಿದ್ದಳು, ಕ್ಲಿನಿಕ್ಕಿನಲ್ಲಿ ಮಾಡುವಷ್ಟೇ ಶ್ರದ್ಧೆಯಿಂದ.

"ಒಳಗೆ ಹುಳುಕು ಉಳಿದುಬಿಟ್ಟರೆ?" ಎಂದು ಅವನು ಕೇಳಿದ್ದ.

"ಮಾರಿದ ಮೇಲೆ ಹುಳುಕು ಕೊಂಡವರದು."

ಕಳೆದ ವರ್ಷ ನುಗ್ಗಿದ್ದು ಹೊಳೆಯ ನೀರಾಗಿದ್ದರೆ ಅವನಿಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ. ಹೊಳೆ ಎಲ್ಲೋ ದೂರದಲ್ಲಿತ್ತು. ಇದು ಬಚ್ಚಲ ತೂತಿನಿಂದ ಬುಳಬುಳ ಎನ್ನುತ್ತ ಮೇಲೆದ್ದು ಬಂದಿತ್ತು. ಇಡೀ ಬೀದಿಯ ಹೊಟ್ಟೆಯೊಳಗಿನದ್ದೆಲ್ಲ ಅವನ ಮನೆಗೆ ಬಂದು ಸೇರಿತ್ತು. ಯಾರದೋ ಹಲ್ಲುಜ್ಜುವ ಬ್ರಷ್ಷು ತೇಲಿ ಬಂದು ಅವನ ದಿಂಬಿನ ಮೇಲೆ ಕೂತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಎಸೆದಿದ್ದ. ಆ ಎರಡು ಬೆರಳಿನಲ್ಲಿ ಅನ್ನ ಕಲಸಲು ಅವನಿಗೆ ಈಗಲೂ ಹಿಂಸೆ.

ಆಮೇಲೆ ವಿಮೆಯವನು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದಿದ್ದ. ಸೂರು ಸೋರಿದ್ದರೆ ಕೊಡ್ತಿದ್ವಿ, ಪೈಪು ಒಡೆದಿದ್ದರೂ ಕೊಡ್ತಿದ್ವಿ, ಇದು ನೆರೆ, ನೆರೆಗೆ ಬೇರೆ ಪಾಲಿಸಿ ಮಾಡಿಸಬೇಕಿತ್ತು, ಎಂದ. ಮೇಲಿನಿಂದ ಬಿದ್ದರೆ ನೀರು, ಕೆಳಗಿನಿಂದ ಎದ್ದರೆ ನೆರೆ. ತರ್ಕದಲ್ಲಿ ತಪ್ಪೇನೂ ಇರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು. ನಗರಸಭೆಗೆ ಹೋಗಿ ನೆರೆಯ ನಕ್ಷೆ ನೋಡಿದ. ಬೀದಿ ಒಂದು ಬಟ್ಟಲು. ತಮ್ಮ ಮನೆ ಅದರ ತಳ. ಬೀದಿಯ ತುದಿಯಲ್ಲಿದ್ದ ತಗ್ಗನ್ನು ತುಂಬಿಸಿ ಅಂಗಡಿ ಸಾಲು ಕಟ್ಟಿದ ಮೇಲೆ ನೀರಿಗೆ ಉಳಿದ ಜಾಗ ಇದೊಂದೇ. ಮನೆ ಕೊಳ್ಳುವಾಗ ಅಡುಗೆಮನೆಗೆ ಬೆಳಕು ಬರುತ್ತದೆಯೇ ಎಂದು ನೋಡಿದ್ದರು, ನೆಲ ಎಷ್ಟು ತಗ್ಗಿನಲ್ಲಿದೆ ಎಂದು ನೋಡಿರಲಿಲ್ಲ.

ಕರೆಗಂಟೆ ಸದ್ದಾಯಿತು.

ಮನೆ ನೋಡಲು ಬಂದವನು ಔಷಧಿ ಅಂಗಡಿಯವನು. ಇಸ್ತ್ರಿ ಮುರಿಯದ ಅಂಗಿ. ಹಿಂದೆ ಅವನ ತಾಯಿ, ಊದಿದ ಬಲಗಾಲನ್ನು ಎಳೆದುಕೊಂಡು, ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದರು. ಮಗ ಮಹಡಿ ನೋಡಿ ಇಳಿದು ಬಂದ. ತಾಯಿ ಕೆಳಗೇ ಉಳಿದರು.

"ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ," ಎಂದ ಔಷಧಿ ಅಂಗಡಿಯವನು. "ಈ ಕೋಣೆ ಅಮ್ಮನಿಗೆ. ನಾವೆಲ್ಲ ಮೇಲೆ."

ಮುದುಕಿ ಗೋಡೆಗಳನ್ನು ಸುತ್ತ ನೋಡಿ ಕೇಳಿದರು: "ನೀರು ಬರುತ್ತಾ?"

ಅವನು ಬಣ್ಣ ಅಂಟಿದ ಬೆರಳನ್ನು ಬೆನ್ನ ಹಿಂದೆ ಮುಚ್ಚಿಕೊಂಡ.

"ಧಾರಾಳವಾಗಿ ಬರುತ್ತಮ್ಮಾ," ಎಂದಳು ಹೆಂಡತಿ. "ನೀರಿಗೆ ಯಾವತ್ತೂ ತೊಂದರೆ ಆಗಿಲ್ಲ." ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಭೋರ್ ಎಂದು ಬಕೆಟ್ಟಿಗೆ ಬಿತ್ತು.

"ನೀರು ಅಂದ್ರೆ ಹೀಗಿರ್ಬೇಕು ನೋಡು!" ಮುದುಕಿ ಬಚ್ಚಲಿಗೆ ಹೋಗಿ, ಗೋಡೆಗೆ ಒರಗಿ, ಮಗುವಿನಂತೆ ಕಾಲು ತೊಳೆಯತೊಡಗಿದರು.

ಹೆಂಡತಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನೀರಿಗೆ ತೊಂದರೆಯಾಗಿರಲಿಲ್ಲ, ಆದದ್ದು ತಮಗೆ. ಅವಳ ಮುಖ ನೋಡಿದ. ರೋಗಿಗೆ "ನೋಯೋದಿಲ್ಲ" ಎನ್ನುವಾಗಿನ ಮುಖ. ಬಾಯೊಳಗೆ ಹುಳಿ ನೀರು ಉಕ್ಕಿತು.

"ಒಂದು ನಿಮಿಷ ಹಿತ್ತಲಿಗೆ ಬನ್ನಿ," ಎಂದ ಔಷಧಿ ಅಂಗಡಿಯವನಿಗೆ. ಹೆಂಡತಿಯ ಕಣ್ಣು ಬೆನ್ನಿಗೆ ನೆಟ್ಟದ್ದು ಗೊತ್ತಾಯಿತು. ನಿಲ್ಲಲಿಲ್ಲ.

ಹಿತ್ತಲಿನಲ್ಲಿ ಎಲ್ಲ ಹೇಳಿದ. ಗೆರೆ, ಬಣ್ಣ, ಬಚ್ಚಲ ತೂತು. ಹೇಳುತ್ತ ಹೇಳುತ್ತ ಧ್ವನಿ ಕ್ಲಾಸಿನಲ್ಲಿ ಏರುವಂತೆ ಏರಿತು. ತನ್ನ ಪ್ರಾಮಾಣಿಕತೆಗೆ ತಾನೇ ಕರಗಿದ. ಆ ಮನುಷ್ಯ ಬೈಯಬಹುದು, ಹೊರಟು ಹೋಗಬಹುದು. ಹೋಗಲಿ.

"ಗೊತ್ತು ಸಾರ್."

"ಗೊತ್ತಾ?"

"ಈ ಕಡೆ ಮನೆ ಯಾಕೆ ಅಗ್ಗ ಅಂತ ವಿಚಾರಿಸ್ದೆ ಬರ್ತೀವಾ? ನಕ್ಷೆ ನೋಡಿದೀನಿ. ನೆರೆ ಪಾಲಿಸಿ ಬಗ್ಗೆನೂ ಮಾತಾಡಿ ಆಗಿದೆ. ಕಟ್ಟಡಕ್ಕೆ ಬೇರೆ, ಸಾಮಾನಿಗೆ ಬೇರೆ. ಮಾಡಿಸಿದ ದಿನಾನೇ ಜಾರಿಗೆ ಬರಲ್ಲ, ಕಾಯ್ಬೇಕಂತೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಕಾಗದಪತ್ರ ಮುಗಿಸೋಣ."

"ಆದರೆ ಆ ಕೆಳಗಿನ ಕೋಣೆ..."

"ಅಲ್ಲಿ ಬೆಲೆಬಾಳೋಂಥದ್ದು ಏನೂ ಇಡಲ್ಲ ಸಾರ್."

ಅವನು ಔಷಧಿ ಅಂಗಡಿಯವನ ಮುಖವನ್ನೇ ನೋಡಿದ. ಅದರಲ್ಲಿ ಕ್ರೌರ್ಯವಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡುವವನ ಮುಖ.

"ನಿಮ್ಮ ತಾಯಿ?"

"ಮಳೆ ಜೋರಾದ್ರೆ ಎತ್ಕೊಂಡು ಮೇಲೆ ಹೋದ್ರಾಯ್ತು." ಆಮೇಲೆ, ತಗ್ಗಿದ ದನಿಯಲ್ಲಿ, "ಅವರ ಹತ್ರ ಇದನ್ನೆಲ್ಲ ಹೇಳ್ಬೇಡಿ. ಸುಮ್ನೆ ಹೆದರ್ಕೋತಾರೆ. ನಿಮಗೂ ವ್ಯಾಪಾರ ಕುದುರ್ಬೇಕಲ್ಲ?" ಎಂದು ಭುಜ ತಟ್ಟಿದ. ಬೆಚ್ಚನೆಯ, ಸ್ವಲ್ಪ ಬೆವರಿದ ಕೈ. ಆ ಕೈ ಭುಜದ ಮೇಲಿರುವಾಗಲೇ ಅವನಿಗೆ ಎದೆ ಹಗುರವಾದದ್ದು ತಿಳಿಯಿತು. ಹೇಳಬೇಕಾದ್ದು ಹೇಳಿಯಾಯಿತು, ಮನೆಯೂ ಮಾರಿಯಾಯಿತು. ಬಚ್ಚಲಿನಿಂದ ಉಕ್ಕಿದ್ದಕ್ಕಿಂತ ಆ ಹಗುರ ಹೆಚ್ಚು ಹೇಸಿಗೆಯೆನಿಸಿತು.

ಒಳಗೆ ಮುದುಕಿ ಕೋಣೆಯ ನಡುವೆ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಹೆಂಡತಿ ಟೀ ಸೋಸುತ್ತಿದ್ದಳು.

"ಮೇಷ್ಟ್ರೇ, ಇಷ್ಟು ಒಳ್ಳೇ ಮನೆ ಯಾಕೆ ಬಿಡ್ತಿದೀರಿ?"

ಮುದುಕಿ ಕೇಳಿದ ರೀತಿ ಎಷ್ಟು ಸಹಜವಾಗಿತ್ತೆಂದರೆ ಬಾಯಿ ತೆರೆದರೆ ಉತ್ತರ ತಾನಾಗಿ ಬರಬೇಕಿತ್ತು. ತೆರೆದ. ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು.

"ವರ್ಗ ಆಗಿದೆ," ಎಂದ.

"ಹಂಗಾ! ನಾನೆಲ್ಲೋ ಮನೇಲಿ ಏನೋ ಐಬಿರ್ಬೇಕು ಅಂದ್ಕೊಂಡಿದ್ದೆ." ಮುದುಕಿ ನಕ್ಕರು. "ಈಗಿರೋ ಮನೇಲಿ ನಂದು ಮಹಡಿ ಮೇಲಿನ ಕೋಣೆ ಕಣಪ್ಪಾ. ಇಳಿಯೋಕಾಗದೆ ಬೀದಿ ಮುಖ ನೋಡಿ ಎಷ್ಟೋ ಕಾಲ ಆಯ್ತು. ಹೊತ್ಕೊಂಡು ಇಳಿಸಿ ಅಂದ್ರೆ ಇವನಿಗೆ ಸೊಂಟ ನೋವು. ಇವತ್ತೂ ಅಕ್ಕಪಕ್ಕದವರು ಇಳಿಸಿದ್ರು. ಇಲ್ಲಿ ಬಾಗಿಲು ತೆಗೆದ್ರೆ ಬೀದಿ. ನಾನಿಲ್ಲಿಂದ ಇನ್ನು ಏಳೋಳಲ್ಲ."

ಸೊಂಟ ನೋವು. ಅವನು ಕೇಳಿಸದವನಂತೆ ಕಿಟಕಿಯ ಚಿಲಕ ಸರಿಪಡಿಸುತ್ತ ನಿಂತ. ಟೀ ಬಂತು. ಎಲ್ಲರೂ ಕುಡಿದರು. ಸಕ್ಕರೆ ಹೆಚ್ಚಾಗಿತ್ತು. ಮುದುಕಿ ಚಪ್ಪಲಿ ಮೆಟ್ಟಿ, ಮಗನ ತೋಳು ಹಿಡಿದು, ಎದುರು ಮನೆಯವರಿಗೆ ಆಗಲೇ ನೆರೆಯವರಂತೆ ಕೈಬೀಸಿ, ಆಟೋ ಹತ್ತಿದರು.

"ಹಿತ್ತಲಲ್ಲಿ ಹೇಳಿಬಿಟ್ರಾ?" ಹೆಂಡತಿಯ ಮುಖ ಬಿಳಿಚಿತ್ತು.

"ಹೇಳ್ದೆ."

"ಮತ್ತೆ?"

"ಮೊದಲೇ ಗೊತ್ತಿತ್ತಂತೆ."

ಅವಳು ಖಾಲಿ ಲೋಟಗಳನ್ನು ಕೆಳಗಿಟ್ಟಳು. ಆಮೇಲೆ ನಕ್ಕಳು, ಎಷ್ಟೋ ತಿಂಗಳ ಮೇಲೆ, ಹೊಟ್ಟೆ ಹಿಡಿದುಕೊಂಡು. "ಅಯ್ಯೋ, ಸುಮ್ಸುಮ್ನೆ ಗೋಡೆ ಉಜ್ಜಿ ಕೈ ನೋವು ಮಾಡ್ಕೊಂಡೆ!" ಅವನಿಗೂ ನಗು ಬಂತು. ತಡೆಯಲು ಆಗಲಿಲ್ಲ. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಒಬ್ಬರನ್ನೊಬ್ಬರು ನೋಡಲಿಲ್ಲ. ಅವಳು ಕುರ್ಚಿ ಎತ್ತಿ ಒಳಗಿಟ್ಟು, ಕ್ಲಿನಿಕ್ಕಿಗೆ ತಡವಾಯಿತೆಂದು ಹೊರಟಳು.

ಅವನು ಕೋಣೆಯ ಬಾಗಿಲು ಹಾಕಲು ಹೋದ.

ನೆಲದ ಮೇಲೆ ಬಚ್ಚಲಿನಿಂದ ಹೊರಟ ಒದ್ದೆ ಹೆಜ್ಜೆಗಳಿದ್ದವು. ಒಂದು ತುಂಬು ಪಾದ, ಪಕ್ಕದಲ್ಲಿ ಎಳೆದ ಗೀಟು. ಮತ್ತೆ ಪಾದ, ಮತ್ತೆ ಗೀಟು. ಕೋಣೆಯ ನಟ್ಟನಡುವೆ ಬಂದು ನಿಂತಿದ್ದವು. ಅಲ್ಲಿಂದ ಮುಂದಕ್ಕೂ ಇರಲಿಲ್ಲ, ಹಿಂದಕ್ಕೂ ಇರಲಿಲ್ಲ.

ಒರೆಸಲು ಬಟ್ಟೆ ತಂದ. ಬಗ್ಗಲಾಗಲಿಲ್ಲ. ಫ್ಯಾನು ಜೋರಾಗಿ ಹಾಕಿ, ಒಣಗಲೆಂದು ಹೊಸ್ತಿಲಲ್ಲೇ ಕಾದ. ಫ್ಯಾನು ತಿರುಗುತ್ತಲೇ ಇತ್ತು. ತಗ್ಗಿನ ನೆಲ. ಹೆಜ್ಜೆಗಳು ಆರಲಿಲ್ಲ.