ಬಾಲದ ಬಳಿ ನಿಂತು ಕೂಗುವವರು

ಶೆಡ್ಡಿನಲ್ಲಿ ಎರಡು ಸ್ಟೂಲುಗಳಿದ್ದವು. ಒಂದರ ಮೇಲೆ ವಿಮಾನದ ಮೆಕ್ಯಾನಿಕ್ ಕೂರುತ್ತಿದ್ದ. ಇನ್ನೊಂದು ಎಂಟು ತಿಂಗಳಿಂದ ಖಾಲಿ. ಒಂದು ನಟ್ಟು ಬಿಗಿಯಲು ಇಬ್ಬರು ಯಾಕೆ ಎಂದು ಮಾಲೀಕ ಅವನ ಜೊತೆಗಾರನನ್ನು ಮನೆಗೆ ಕಳಿಸಿದ್ದ. ಮೊದಲೆಲ್ಲ ಒಬ್ಬ ಪೈಲಟ್ ಸೀಟಿನಲ್ಲಿ ಕೂತು ವಿಮಾನವನ್ನು ಏರಿಸಿ ಇಳಿಸುವ ಕೋಲು ಎಳೆದರೆ, ಇನ್ನೊಬ್ಬ ಬಾಲದ ಬಳಿ ನಿಂತು ಅಲ್ಲಿನ ಹಲಗೆ ಎತ್ತ ಹೋಯಿತೆಂದು ನೋಡಿ ‘ಮೇಲೆ’, ‘ಕೆಳಗೆ’ ಎಂದು ಕೂಗುತ್ತಿದ್ದ. ಈಗ ಸದ್ದೇ ಇಲ್ಲ. ತಪಾಸಣೆ ಹಾಳೆಯಲ್ಲಿ ಕೆಲಸ ಮಾಡಿದವರ ರುಜು ನೀಲಿ ಪೆನ್ನಿನಲ್ಲಿ, ಅದನ್ನು ಪರೀಕ್ಷಿಸಿ ನೋಡಿದವರ ರುಜು ಕಪ್ಪು ಪೆನ್ನಿನಲ್ಲಿ. ಕೈ ಮಾತ್ರ ಒಂದೇ. ಮಾತಿಗೆ ಜನವಿಲ್ಲದೆ ಅವನಿಗೆ ಸ್ಪ್ಯಾನರಿನ ಜೊತೆ ಮಾತಾಡುವುದು ರೂಢಿಯಾಗಿತ್ತು.

ಆ ಬೆಳಿಗ್ಗೆ ನಾಲ್ಕು ಸೀಟಿನ ಪುಟ್ಟ ವಿಮಾನಕ್ಕೆ, ಬಾಲದ ಹಲಗೆಯನ್ನು ಎತ್ತಿ ಇಳಿಸುವ ಎರಡು ಹೊಸ ಕೇಬಲ್ ಹಾಕಿದ್ದ. ಮಧ್ಯಾಹ್ನ ಅದನ್ನು ಹಾರಿಸಬೇಕಾದವಳು ಅವನ ಸ್ವಂತ ತಂಗಿ.

ಬಂದವಳೇ ಕೇಳಿದಳು: “ಅಣ್ಣ, ಬಾಲದ ಹತ್ರ ನಿಂತು ಕೂಗಿದ್ದು ಯಾರು?”

“ಇಲ್ಲಿ ಯಾರಿದಾರೆ ಕೂಗೋಕೆ, ಗುಬ್ಬಿಗಳಾ? ಕೈಯಲ್ಲೇ ಎತ್ತಿ ಇಳಿಸಿ ನೋಡಿದೀನಿ. ಬೆಣ್ಣೆ ಥರ ಆಡುತ್ತೆ.”

“ಆಡುತ್ತೆ, ಸರಿ. ಯಾವ ಕಡೆಗೆ?”

ಅವನು ಮುಖ ಗಂಟಿಕ್ಕಿದ. ಇಪ್ಪತ್ತು ವರ್ಷ ಪಳಗಿದ ಕೈ ಇದು, ನಿನಗೆ ಸೈಕಲ್ ಕಲಿಸಿದ್ದೂ ಇದೇ ಕೈ ಎಂದು ಗೊಣಗಿದ. ಆ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿದ್ದನ್ನು ತಂಗಿ ನೆನಪಿಸಿದಳು. ಊಟದ ಡಬ್ಬಿ ತಂದಿದ್ದ ಅತ್ತಿಗೆಯನ್ನು ಬಾಲದ ಬಳಿ ನಿಲ್ಲಿಸಿ ತಾನು ಸೀಟಿನಲ್ಲಿ ಕೂತಳು. ಕೋಲನ್ನು ತನ್ನತ್ತ ಎಳೆದರೆ ಹಲಗೆ ಮೇಲೇಳಬೇಕು. ಆಗ ವಿಮಾನದ ಮೂತಿ ಆಕಾಶಕ್ಕೆ ಏಳುತ್ತದೆ. ಎಳೆದಳು.

“ಅತ್ತಿಗೆ, ಹಲಗೆ ಎತ್ತ ಹೋಯ್ತು?”

“ಕೆಳಗೆ ಹೋಯ್ತಲ್ಲಮ್ಮ.”

ಕೇಬಲ್‌ಗಳು ಅದಲುಬದಲಾಗಿದ್ದವು. ಹಾಗೇ ಹಾರಿಸಿದ್ದರೆ, ಏರಲೆಂದು ಅವಳು ಎಳೆದಷ್ಟೂ ವಿಮಾನ ಮೂತಿಯನ್ನು ನೆಲಕ್ಕೆ ಒತ್ತುತ್ತಿತ್ತು.

ಮೆಕ್ಯಾನಿಕ್ ಖಾಲಿ ಸ್ಟೂಲಿನ ಮೇಲೆ ಕುಸಿದ.

“ಜೊತೆಗಾರ ಇದ್ದಿದ್ರೆ ಬೈತಿದ್ದ,” ಎಂದ. “ಎಂಟು ತಿಂಗಳಾಯ್ತು, ನನ್ನನ್ನ ಯಾರೂ ಬೈದಿಲ್ಲ.”

ಸರಿಮಾಡಿ ಹಾರಿಸಿ ಎಂದು ಮಾಲೀಕ ಫೋನಿನಲ್ಲಿ ಗುಡುಗಿದ. ಸರಿಮಾಡಿದರು, ಹಾರಿಸಲಿಲ್ಲ. ನನ್ನ ಹೆಂಡತಿಗೆ ಕಣ್ಣಿದೆ, ರುಜು ಹಾಕುವ ಅರ್ಹತೆಯಿಲ್ಲ ಎಂದು ಮೆಕ್ಯಾನಿಕ್ ಉತ್ತರಿಸಿದ. ಕಪ್ಪು ಪೆನ್ನನ್ನು ಆ ಸ್ಟೂಲಿನ ಮೇಲಿಟ್ಟು, ಜೊತೆಗಾರ ಬರುವವರೆಗೆ ಮುಟ್ಟುವುದಿಲ್ಲ ಎಂದ. ತಂಗಿ ಶೆಡ್ಡಿನ ಬಾಗಿಲೆಳೆದಳು.

ಬಿಚ್ಚಿ ಜೋಡಿಸುವ ಕೈಗಳೇ, ಎರಡನೆಯ ರುಜು ನಿಮ್ಮದಲ್ಲ. ಯಾರು ಗದರಿಸಿದರೂ ಹಾಕಬೇಡಿ. ಒಂದು ಸಂಬಳ ಉಳಿಸಿದ ಮಾಲೀಕರೇ, ಅಷ್ಟು ಧೈರ್ಯವಿದ್ದರೆ ಮೊದಲು ನೀವೇ ಬಂದು ಸೀಟಿನಲ್ಲಿ ಕೂರಿ. ಹಾರಿಸುವವರೇ, ‘ಆಡುತ್ತೆ’ ಎಂಬ ಮಾತಿಗೆ ತಲೆದೂಗದೆ, ಎತ್ತ ಎಂದು ಕೇಳಿ. ಬಾಲದ ಬಳಿ ನಿಂತು ಹೇಳಲು ಒಬ್ಬರೂ ಇಲ್ಲವೇ? ಹಾಗಾದರೆ ವಿಮಾನ ಶೆಡ್ಡಿನಲ್ಲೇ ಇರಲಿ.